ಪುಟ್ಟ ಮಗುವಿನ ಜೊತೆ ದೂರದ ವಿಮಾನ ಪ್ರಯಾಣ: ಹೋಗಿ ಬಂದವರ ಅನುಭವ

ನನ್ನ ಮಗನಿಗೆ ಈಗ 22 ತಿಂಗಳು. ಮುಂದಿನ ತಿಂಗಳು ಅವನನ್ನು ಕರೆದುಕೊಂಡು ವಿದೇಶಕ್ಕೆ ಹೊರಟಿದ್ದೇನೆ. ಮೊದಲ ವಿಮಾನ 9 ಗಂಟೆ, ನಡುವೆ 3 ಗಂಟೆ ಕಾಯಬೇಕು, ಆಮೇಲೆ ಇನ್ನೊಂದು 8 ಗಂಟೆ. ನಮ್ಮ ಯಜಮಾನರು ಅಲ್ಲೇ ಇದ್ದಾರೆ, ಹಾಗಾಗಿ ಹೋಗುವಾಗ ನಾನೊಬ್ಬಳೇ. ಮೂರು ತಿಂಗಳು ಬಿಟ್ಟು ವಾಪಸ್. ಮಗ ಒಂದು ಕಡೆ ಹತ್ತು ನಿಮಿಷ ಕೂರುವವನಲ್ಲ. ಅವನಿಗೆ ಬೇರೆ ಸೀಟು ತಗೋಬೇಕಾ, ತೊಡೆ ಮೇಲೆ ಸಾಕಾ? ನಿದ್ದೆ ಬರುವ ಔಷಧಿ ಕೊಟ್ಟುಬಿಡು ಅಂತ ಒಬ್ಬರು ಹೇಳಿದರು, ಕೊಡಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ. ರಾತ್ರಿ ಮಲಗಿದರೆ ಇದೇ ಯೋಚನೆ.

*

ರಾತ್ರಿ ಇದೇ ಯೋಚನೆ ಅಂದಿರಲ್ಲ, ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಮಗಳ ಜೊತೆ ಒಬ್ಬಳೇ ಎರಡು ಸಲ ಇಂಥ ಪ್ರಯಾಣ ಮಾಡಿದ್ದೇನೆ. ಮೊದಲ ಸಲ ಅವಳಿಗೆ 20 ತಿಂಗಳು, ಎರಡನೇ ಸಲ ಎರಡೂವರೆ ವರ್ಷ. ಕಷ್ಟ ಇದೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಇಲ್ಲ.

ಮೊದಲು ಟಿಕೆಟ್ ವಿಷಯ ನೋಡಿಬಿಡಿ. ಎರಡು ವರ್ಷ ತುಂಬುವ ತನಕ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು. ವಿದೇಶ ಪ್ರಯಾಣದಲ್ಲಿ ಅದಕ್ಕೂ ದುಡ್ಡಿದೆ, ಸಾಮಾನ್ಯವಾಗಿ ದೊಡ್ಡವರ ದರದ ಶೇಕಡಾ 10ರ ಆಸುಪಾಸು, ಮೇಲೆ ತೆರಿಗೆ. ಎರಡು ತುಂಬಿದ ಮೇಲೆ ಬೇರೆ ಸೀಟು ಕಡ್ಡಾಯ. ಟಿಕೆಟ್ ತೆಗೆದ ದಿನದ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ, ಹಾರುವ ದಿನದ ವಯಸ್ಸೇ ಲೆಕ್ಕ. ನಿಮ್ಮ ಮಗನಿಗೆ ಅಲ್ಲಿದ್ದಾಗಲೇ ಎರಡು ತುಂಬುತ್ತದೆ, ಅಲ್ವಾ? ಅಂದರೆ ಬರುವಾಗ ಅವನಿಗೆ ಸೀಟು ಇರಲೇಬೇಕು. ಹೋಗುವ ಟಿಕೆಟ್ ನೋಡಿ ಎರಡೂ ಕಡೆಗೆ ತೊಡೆ ಮೇಲಿನ ಟಿಕೆಟ್ ತೆಗೆದು ಆಮೇಲೆ ಪೇಚಾಡಿದವರನ್ನು ನೋಡಿದ್ದೇನೆ. ಇವತ್ತೇ ಪರಿಶೀಲಿಸಿ.

ಹೋಗುವಾಗಲೂ ಕೈಲಾದರೆ ಸೀಟು ತಗೊಳ್ಳಿ. ಇದು ನನ್ನ ಖಡಾಖಂಡಿತ ಮಾತು. ಹನ್ನೆರಡು ಕಿಲೋ ಮಗು 17 ಗಂಟೆ ತೊಡೆ ಮೇಲಿದ್ದರೆ ನೀವು ಊಟ ಮಾಡಲು ಆಗುವುದಿಲ್ಲ, ಶೌಚಾಲಯಕ್ಕೆ ಹೋಗಲು ಆಗುವುದಿಲ್ಲ, ಬಗ್ಗಿ ಬ್ಯಾಗ್ ತೆಗೆಯಲೂ ಆಗುವುದಿಲ್ಲ. ಅಲುಗಾಟ ಬಂದಾಗ ಮಗುವಿಗೆ ಅದರದೇ ಬೆಲ್ಟ್ ಇರುವುದು ಎಷ್ಟೋ ಹೆಚ್ಚು ಸುರಕ್ಷಿತ. ಗೋಡೆಗೆ ಸಿಕ್ಕಿಸುವ ತೊಟ್ಟಿಲು, ಅದೇ ಬ್ಯಾಸಿನೆಟ್, ನೆಚ್ಚಿಕೊಳ್ಳಬೇಡಿ. ಅದಕ್ಕೆ ತೂಕದ ಮಿತಿ ಇದೆ, ಹೆಚ್ಚಿನ ಕಡೆ 10ರಿಂದ 14 ಕಿಲೋ ಒಳಗೆ. ತೂಕ ಸರಿಹೋದರೂ ಈ ವಯಸ್ಸಿನ ಮಗುವಿನ ಕಾಲು ಹೊರಗೇ ಇರುತ್ತದೆ.

ಈಗ ಮುಖ್ಯ ವಿಷಯ. ಎಲ್ಲರೂ ಮೇಲೇರುವ ಹೊತ್ತಿಗೆ, ನಡುವಿನ ಗಂಟೆಗಳಿಗೆ ತಯಾರಿ ಮಾಡಿಕೊಳ್ಳುತ್ತಾರೆ. ಇಳಿಯುವ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನನಗೆ ಆಗಿದ್ದೂ ಅದೇ.

ಮೊದಲ ಪ್ರಯಾಣ. ಇಳಿಯಲು ಮುಕ್ಕಾಲು ಗಂಟೆ ಇತ್ತು. ಮಗಳು ನನ್ನ ಎದೆಗೆ ಒರಗಿ ಒಳ್ಳೆ ನಿದ್ದೆಯಲ್ಲಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಹಾಲು ಖಾಲಿಯಾಗಿತ್ತು, ಆಟದ ಸಾಮಾನೆಲ್ಲ ಒಂದು ಸುತ್ತು ಮುಗಿದಿತ್ತು. ವಿಮಾನ ಕೆಳಗಿಳಿಯಲು ಶುರು ಮಾಡಿ ಸ್ವಲ್ಪ ಹೊತ್ತಿಗೆ ಅವಳು ಕಿಟಾರನೆ ಕಿರುಚಿಕೊಂಡು ಎದ್ದಳು. ಬಲಗಿವಿಯನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದಳು. ಬೆಲ್ಟ್ ಹಾಕಿಯಾಗಿದೆ, ಎದ್ದು ನಿಂತು ಆಡಿಸುವಂತಿಲ್ಲ, ನೀರು ತಂದುಕೊಡಲು ಸಿಬ್ಬಂದಿಯೂ ಏಳುವಂತಿಲ್ಲ. ಪಕ್ಕದ ಸೀಟಿನ ಹಿರಿಯರೊಬ್ಬರು ಇನ್ನೂ ಕುಡಿಯದೆ ಇಟ್ಟಿದ್ದ ಕಾಗದದ ಲೋಟದ ನೀರನ್ನೂ ಒಂದು ಪುಟ್ಟ ಪ್ಲಾಸ್ಟಿಕ್ ಚಮಚವನ್ನೂ ನನ್ನ ಕೈಗಿಟ್ಟರು. ಅವಳು ಅಳು ನಿಲ್ಲಿಸಿ ಉಸಿರು ತಗೊಂಡ ಬಿಡುವಿನಲ್ಲೆಲ್ಲ ಒಂದು ಚಮಚ. ಏಳೆಂಟು ಗುಟುಕಿಗೆ ಅಳು ಬಿಕ್ಕಾಯಿತು. ಆಮೇಲೆ ಚಮಚ ತಾನೇ ಹಿಡಿಯಬೇಕು ಅಂತ ಹಟ ಮಾಡಿದಳು. ಆ ಹಟ ನೋಡಿ ನನಗೆ ಜೀವ ಬಂತು.

ಕಾರಣ ಇಷ್ಟೇ. ಕಿವಿಯ ಒಳಗಿನಿಂದ ಗಂಟಲ ಹಿಂಭಾಗಕ್ಕೆ ಒಂದು ಸಣ್ಣ ನಾಳ ಇದೆ. ಹೊರಗೆ ಗಾಳಿಯ ಒತ್ತಡ ಬದಲಾದಾಗ ಅದು ತೆರೆದುಕೊಂಡು ಒಳಗಿನ ಒತ್ತಡ ಸರಿ ಮಾಡುತ್ತದೆ. ಮಕ್ಕಳಲ್ಲಿ ಆ ನಾಳ ಗಿಡ್ಡ, ಕಿರಿದು, ಜಾಸ್ತಿ ಅಡ್ಡಕ್ಕೆ ಇರುತ್ತದೆ. ಹಾಗಾಗಿ ಬೇಗ ತೆರೆಯುವುದಿಲ್ಲ. ನುಂಗಿದರೆ ತೆರೆಯುತ್ತದೆ. ಮೇಲೇರುವಾಗ ಗಾಳಿ ತಾನಾಗಿ ಹೊರಬರುತ್ತದೆ, ಇಳಿಯುವಾಗ ಒಳಹೋಗಬೇಕು, ಅದೇ ಕಷ್ಟ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಅದಕ್ಕೇ ಇಳಿಯುವ ಮೊದಲು ಎಬ್ಬಿಸುವುದೇ ಒಳ್ಳೆಯದು. ನೋವು ಬಂದ ಮೇಲೆ ಬಾಯಿಗೆ ಬಾಟಲಿ ಇಡಲು ಬಿಡುವುದಿಲ್ಲ.

ಎರಡನೇ ಸಲ ಬೇರೆ ಥರ ಮಾಡಿದೆ. ಊಟದ ತಟ್ಟೆ ತಗೊಂಡು ಹೋಗುವಾಗಲೇ ಸಿಬ್ಬಂದಿಯನ್ನು ಕೇಳಿದೆ, "ಇಳಿಯಲು ಶುರುವಾಗುವ ಹತ್ತು ನಿಮಿಷ ಮೊದಲು ನನಗೊಂದು ಮಾತು ಹೇಳ್ತೀರಾ?" ಅಂತ. ಹೇಳಿದರು. ಆಗ ಡೈಪರ್ ಬದಲಿಸಿ, ಸಿಪ್ಪರ್ ತುಂಬಿಸಿಕೊಂಡು ಕೂತೆ. ಅವಳು ಅಲ್ಲಿಯವರೆಗೆ ನೋಡದ ಸ್ಟಿಕರ್ ಹಾಳೆಯೊಂದನ್ನು ಬ್ಯಾಗಿನ ತಳದಲ್ಲಿ ಮುಚ್ಚಿಟ್ಟಿದ್ದೆ. ಅದನ್ನು ಆಗ ತೆಗೆದೆ. ಒಂದು ಗುಟುಕು, ಒಂದು ಸ್ಟಿಕರ್. ಅವಳ ತೋಳು, ನನ್ನ ಮೂಗು, ಕಿಟಕಿ. ಚಕ್ರ ನೆಲಕ್ಕೆ ತಾಗಿದಾಗ ಇನ್ನೂ ಆರು ಉಳಿದಿದ್ದವು. ನಿಮಗೆ ಎರಡು ವಿಮಾನ, ಅಂದರೆ ಇಳಿಯುವುದೂ ಎರಡು ಸಲ. ಎರಡಕ್ಕೂ ಬೇರೆ ಬೇರೆ ಎತ್ತಿಡಿ.

ಹೊರಡುವ ಹಿಂದಿನ ದಿನಗಳಲ್ಲಿ ಮೂಗು ಕಟ್ಟಿದ್ದರೆ, ಕಿವಿ ನೋವು ಇದ್ದರೆ ವೈದ್ಯರಿಗೆ ತೋರಿಸದೆ ಹೊರಡಬೇಡಿ.

ಔಷಧಿ ಬೇಡ. ನಿದ್ದೆ ಬರಲಿ ಅಂತ ಕೆಲವರು ಕೊಡುವುದು ಅಲರ್ಜಿಯ ಸಿರಪ್. ಮಕ್ಕಳ ವೈದ್ಯರು ಅದನ್ನು ನಿದ್ದೆಗಾಗಿ ಕೊಡಬೇಡಿ ಅನ್ನುತ್ತಾರೆ. ಕೆಲವು ಮಕ್ಕಳಲ್ಲಿ ಅದು ಉಲ್ಟಾ ಹೊಡೆಯುತ್ತದೆ, ಮಂಪರಿನ ಬದಲು ಚಡಪಡಿಕೆ ಜಾಸ್ತಿಯಾಗುತ್ತದೆ. ಪ್ರಮಾಣ ತಪ್ಪಿದರೆ ಉಸಿರಾಟಕ್ಕೇ ಅಪಾಯ. ನೆಲದಿಂದ ಹತ್ತು ಕಿಲೋಮೀಟರ್ ಮೇಲೆ ಅದನ್ನು ಎದುರಿಸುವ ಪರಿಸ್ಥಿತಿ ಯಾವ ತಾಯಿಗೂ ಬರಬಾರದು.

*

ನಾನು ಅಪ್ಪ. ಮಗನಿಗೆ ಎರಡು ವರ್ಷ ಎರಡು ತಿಂಗಳಿದ್ದಾಗ ನಾವಿಬ್ಬರೇ 14 ಗಂಟೆಯ ವಿಮಾನದಲ್ಲಿ ಹೋಗಿದ್ದೆವು. ಮೇಲೆ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಕಡೆಯಿಂದ ಒಂದಿಷ್ಟು.

ಹತ್ತು ನಿಮಿಷ ಕೂರದ ಮಗುವನ್ನು 9 ಗಂಟೆ ಕೂರಿಸುವ ಯೋಚನೆಯನ್ನೇ ಬಿಟ್ಟುಬಿಡಿ. ಬೆಲ್ಟ್ ಗುರುತು ಆರಿದಾಗೆಲ್ಲ ನಡೆಸಿ. ನಮ್ಮವನು ಹಿಂದಿನ ಅಡುಗೆ ಕಟ್ಟೆಯವರೆಗೆ ಹೋಗಿ, ಅಲ್ಲಿದ್ದವರಿಗೆ ಟಾಟಾ ಮಾಡಿ ವಾಪಸ್ ಬರುತ್ತಿದ್ದ. ಎಷ್ಟು ಸಲ ಅಂತ ಎಣಿಸುವುದನ್ನು ಬಿಟ್ಟೆ. ಹತ್ತಿರದ ಸೀಟಿನವರೆಲ್ಲ ಅವನ ಹೆಸರು ಕಲಿತಿದ್ದರು. ಅದಕ್ಕೆ ಓಡಾಡುವ ದಾರಿ ಪಕ್ಕದ ಸೀಟನ್ನು ನೀವು ಇಟ್ಟುಕೊಳ್ಳಿ, ಮಗು ಒಳಗಡೆ ಇರಲಿ. ದಾರಿ ಪಕ್ಕ ಮಗು ಕೂತರೆ ಬಿಸಿ ಕಾಫಿ ಹಿಡಿದು ಹೋಗುವವರ ಕೈ, ಊಟದ ಗಾಡಿ ಎರಡೂ ಮಗುವಿನ ಬೆರಳಿಗೆ ಅಪಾಯ.

ಎಲ್ಲಕ್ಕಿಂತ ಮುಂದಿನ ಸಾಲು ಕೇಳಿ ತಗೋಬೇಕು ಅನ್ನುತ್ತಾರೆ. ನನಗೆ ಅದು ಸರಿ ಬರಲಿಲ್ಲ. ಕಾಲಿಗೆ ಜಾಗ ಇದೆ, ನಿಜ. ಆದರೆ ಆ ಸೀಟುಗಳ ನಡುವಿನ ಕೈಯಾನಿಕೆ ಮೇಲೆ ಎತ್ತಲು ಬರುವುದಿಲ್ಲ, ಟ್ರೇ ಅದರೊಳಗೇ ಇರುತ್ತದೆ. ಮಗು ನಿಮ್ಮ ತೊಡೆ ಮೇಲೆ ತಲೆಯಿಟ್ಟು ಉದ್ದಕ್ಕೆ ಮಲಗಲು ಆಗುವುದಿಲ್ಲ. ಏರುವಾಗ ಇಳಿಯುವಾಗ ಕೈಚೀಲವೂ ಮೇಲಿನ ಗೂಡಿಗೆ ಹೋಗಬೇಕು. ಬೇಕಾದ ಹೊತ್ತಿಗೇ ಕೈಗೆ ಸಿಗುವುದಿಲ್ಲ.

ನೆಲದ ಮೇಲೆ ಹೊದಿಕೆ ಹಾಸಿ ಮಲಗಿಸಲು ಹೋಗಬೇಡಿ. ಸಿಬ್ಬಂದಿ ಬಿಡುವುದಿಲ್ಲ, ಬಿಡಬಾರದು ಕೂಡ. ದಿಢೀರ್ ಅಲುಗಿದರೆ ಮಗುವನ್ನು ಹಿಡಿಯಲು ಏನೂ ಇರುವುದಿಲ್ಲ. ಆಮ್ಲಜನಕದ ಮುಖವಾಡ ಬಿದ್ದರೆ ಅಲ್ಲಿಗೆ ಎಟುಕುವುದೂ ಇಲ್ಲ.

ಕಾರಿನ ಮಕ್ಕಳ ಸೀಟು ಒಯ್ಯಬಹುದು, ಆದರೆ ವಿಮಾನದಲ್ಲಿ ಬಳಸಬಹುದು ಅನ್ನುವ ಚೀಟಿ ಅದರ ಮೇಲೆ ಇರಬೇಕು, ಅಗಲ ಹೊಂದಬೇಕು. ಒಬ್ಬರೇ ಹೊತ್ತು ತಿರುಗುವುದು ಸುಲಭವಲ್ಲ. ಅದರ ಬದಲು ಕೇರ್ಸ್ ಅನ್ನುವ ಎದೆಪಟ್ಟಿ ಇದೆ. 10ರಿಂದ 20 ಕಿಲೋ ತೂಕದ ಮಕ್ಕಳಿಗೆ. ಮಡಚಿದರೆ ಕೈಚೀಲದ ಮೂಲೆಯಲ್ಲಿ ಹಿಡಿಯುತ್ತದೆ. ನಿಮ್ಮ ವಿಮಾನದವರು ಒಪ್ಪುತ್ತಾರಾ ಅಂತ ಮೊದಲೇ ಬರೆದು ಕೇಳಿ, ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಅದಕ್ಕೆ ಸ್ವಂತ ಸೀಟು ಇರಲೇಬೇಕು.

ಸೆಕ್ಯೂರಿಟಿಯಲ್ಲಿ 100 ಮಿಲಿಲೀಟರ್ ನಿಯಮ ನೋಡಿ ಹಾಲು ಬಿಟ್ಟು ಹೋಗಬೇಡಿ. ಮಗುವಿನ ಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾಗುವಷ್ಟು ವಿನಾಯಿತಿ ಇರುತ್ತದೆ. ಬೇರೆಯಾಗಿ ತೆಗೆದು ತೋರಿಸಿ, ಪರೀಕ್ಷೆ ಮಾಡಬಹುದು. ನಡುವಿನ ನಿಲ್ದಾಣದಲ್ಲಿ ಮತ್ತೆ ತಪಾಸಣೆ ಇರಬಹುದು, ಅಲ್ಲೂ ಇದೇ. ಹಣ್ಣು ಮಾತ್ರ ವಿಮಾನದಲ್ಲೇ ಮುಗಿಸಿ. ಎಷ್ಟೋ ದೇಶಗಳು ಒಳಗೆ ತರಲು ಬಿಡುವುದಿಲ್ಲ, ಮರೆತರೆ ದಂಡ. ಇಡೀ ದ್ರಾಕ್ಷಿ, ಕಡಲೆಬೀಜದಂಥ ಕಾಳು, ಗಟ್ಟಿ ಮಿಠಾಯಿ ಕೊಡಲೇಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

*

ನನ್ನದು ಚಿಕ್ಕದು. ಬಟ್ಟೆ. ಮಗುವಿಗೆ ಮೂರು ಜೊತೆ, ನಿಮಗೂ ಒಂದು ಜೊತೆ, ಕೈಚೀಲದಲ್ಲೇ. ನನ್ನ ಮಗಳು ಎರಡನೇ ಗಂಟೆಯಲ್ಲೇ ನನ್ನ ಮೇಲೆ ವಾಂತಿ ಮಾಡಿಕೊಂಡಳು, ನನಗೆ ಬದಲಿ ಬಟ್ಟೆ ಇರಲಿಲ್ಲ. ಉಳಿದ ಏಳು ಗಂಟೆ ಅದೇ ಒದ್ದೆ ಅಂಗಿಯಲ್ಲಿ, ಆ ಚಳಿಯಲ್ಲಿ. ಪ್ರತಿ ಜೊತೆಯನ್ನೂ ಒಂದೊಂದು ಜಿಪ್ ಕವರಿನಲ್ಲಿ ಹಾಕಿ. ಒದ್ದೆಯಾದದ್ದು ಅದೇ ಕವರಿಗೆ ಹೋಗುತ್ತದೆ. ಡೈಪರ್ ಲೆಕ್ಕ ಎರಡು ಗಂಟೆಗೆ ಒಂದು, ಜೊತೆಗೆ ವಿಮಾನ ತಡವಾದರೆ ಅಂತ ಇನ್ನೈದು. ಶೌಚಾಲಯದ ನೆಲ ಒದ್ದೆ ಇರುತ್ತದೆ, ಮಗುವಿಗೆ ಬರೀ ಕಾಲಲ್ಲಿ ಇಳಿಯಲು ಬಿಡಬೇಡಿ.

*

ಮಕ್ಕಳು ಅತ್ತಾಗ ಸುತ್ತಲಿನವರು ಏನಂದುಕೊಂಡಾರು ಅನ್ನುವ ಭಯದ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದೇ ದೊಡ್ಡ ಭಯ ಆಗಿತ್ತು. ಮಗ ಒಂದೂವರೆ ಗಂಟೆ ಅತ್ತ. ಒಬ್ಬರು ಮುಖ ಗಂಟಿಕ್ಕಿದರು. ಅದು ನಿಜ. ಆದರೆ ಇಬ್ಬರು ಬಂದು "ನೀವು ಹತ್ತು ನಿಮಿಷ ಕಾಲು ಚಾಚಿ, ನಾವು ಆಡಿಸ್ತೀವಿ" ಅಂದರು. ಅಳುವುದು ಮಗುವಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಅಕ್ಕಪಕ್ಕದವರಿಗೆ ಹತ್ತಿದ ಕೂಡಲೇ ಒಂದು ನಮಸ್ಕಾರ ಹೇಳಿ, ಮಗನ ಹೆಸರು ಹೇಳಿ. ಕ್ಷಮೆ ಕೇಳುವುದು ಬೇಡ. ಸಹಾಯ ಮಾಡ್ತೀವಿ ಅಂದವರಿಗೆ ಬೇಡ ಅನ್ನಬೇಡಿ.

ತಲುಪಿದ ಮೇಲಿನ ಒಂದು ವಾರಕ್ಕೂ ತಯಾರಾಗಿ. ರಾತ್ರಿ ಎರಡಕ್ಕೆ ಎದ್ದು ಆಟಕ್ಕೆ ಕೂರುತ್ತಾರೆ. ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಅಂತ ಇಟ್ಟುಕೊಳ್ಳಿ. ಪೂರ್ವದ ಕಡೆ ಹೋದರೆ ಹೊಂದಿಕೊಳ್ಳುವುದು ಜಾಸ್ತಿ ಕಷ್ಟ. ಹಗಲಲ್ಲಿ ಹೊರಗೆ ಬೆಳಕಿಗೆ ಕರೆದುಕೊಂಡು ಹೋಗಿ, ಊಟವನ್ನು ಅಲ್ಲಿನ ಹೊತ್ತಿಗೇ ಕೊಡಿ. ರಾತ್ರಿ ಎದ್ದಾಗ ದೀಪ ಮಂದ ಇರಲಿ, ಟಿವಿ ಹಾಕಬೇಡಿ.

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿಕೆಟ್ ನೋಡಿದೆ, ಬರುವಾಗಲೂ ತೊಡೆ ಮೇಲೆ ಅಂತಲೇ ಇತ್ತು! ಈಗ ಎರಡೂ ಕಡೆಗೆ ಸೀಟು ಮಾಡಿಸುತ್ತಿದ್ದೇನೆ. ಇನ್ನೊಂದೇ ಪ್ರಶ್ನೆ. ಒಬ್ಬಳೇ ಹೋಗುವುದರಿಂದ ಬೇರೆ ಕಾಗದ ಪತ್ರ ಬೇಕಾ?

*

ಟಿಕೆಟ್ ಸಿಕ್ಕಿತಲ್ಲ, ನನಗೂ ನೆಮ್ಮದಿ. (ಮೊದಲು ಬರೆದವಳು ನಾನೇ.)

ಬೇಕಾಗಬಹುದು. ತಂದೆ ಅಥವಾ ತಾಯಿ ಒಬ್ಬರೇ ಮಗುವಿನ ಜೊತೆ ಇದ್ದರೆ ಕೆಲವು ದೇಶಗಳಲ್ಲಿ ಇನ್ನೊಬ್ಬರ ಒಪ್ಪಿಗೆ ಪತ್ರ ಕೇಳುತ್ತಾರೆ. ಯಜಮಾನರಿಂದ ಸಹಿ ಮಾಡಿದ ಪತ್ರ ತರಿಸಿಕೊಳ್ಳಿ, ನೋಟರಿ ಮಾಡಿಸಿದ್ದರೆ ಇನ್ನೂ ಒಳ್ಳೆಯದು. ಅವರ ಪಾಸ್‌ಪೋರ್ಟ್ ಪ್ರತಿ, ಮಗುವಿನ ಜನನ ಪ್ರಮಾಣಪತ್ರ ಜೊತೆಗಿರಲಿ. ಮಗುವಿನ ಪಾಸ್‌ಪೋರ್ಟ್ ಅವಧಿ ಪ್ರಯಾಣದ ನಂತರ ಆರು ತಿಂಗಳಾದರೂ ಉಳಿದಿದೆಯಾ ನೋಡಿ. ಮಕ್ಕಳ ಊಟ ಬೇಕಿದ್ದರೆ ಒಂದೆರಡು ದಿನ ಮೊದಲೇ ಹೇಳಿಡಿ, ಹತ್ತಿದ ಮೇಲೆ ಕೇಳಿದರೆ ಇರುವುದಿಲ್ಲ. ಸ್ಟ್ರಾಲರ್ ವಿಮಾನದ ಬಾಗಿಲಲ್ಲಿ ಕೊಡುವಾಗ ನಡುವಿನ ನಿಲ್ದಾಣದಲ್ಲಿ ಎಲ್ಲಿ ವಾಪಸ್ ಸಿಗುತ್ತದೆ ಅಂತ ಕೇಳಿಕೊಳ್ಳಿ. ಕೆಲವೊಮ್ಮೆ ಬಾಗಿಲಲ್ಲಿ ಸಿಗುವುದಿಲ್ಲ, ಕೊನೆಯ ಊರಿನ ಸಾಮಾನಿನ ಬೆಲ್ಟಿಗೇ ಹೋಗಿಬಿಡುತ್ತದೆ. ಹಾಗಾದರೆ ಮಗುವನ್ನು ಕಟ್ಟಿಕೊಳ್ಳುವ ಬಟ್ಟೆಯ ಚೀಲ ಒಂದು ಕೈಯಲ್ಲಿರಬೇಕು.

ಯಜಮಾನರಿಗೂ ಒಂದು ಮಾತು ಹೇಳಿಡಿ. ನನ್ನ ಮಗಳು ಹೊರಗೆ ಬಂದಾಗ ಅಪ್ಪನನ್ನು ನೋಡಿ ನನ್ನ ಭುಜದಲ್ಲಿ ಮುಖ ಮುಚ್ಚಿಕೊಂಡಳು. ಫೋನಿನಲ್ಲಿ ದಿನಾ ನೋಡುತ್ತಿದ್ದ ಮುಖವೇ, ಆದರೂ. ಅವರು ಕೈ ಚಾಚಿದವರು ಹಾಗೇ ನಿಂತರು. ಕಾರಿನ ಹತ್ತಿರ ಹೋಗುವಷ್ಟರಲ್ಲಿ ಅವಳೇ ಒಂದು ಸ್ಟಿಕರ್ ತೆಗೆದು ಅವರ ಕೈಗೆ ಅಂಟಿಸಿದಳು. ಎತ್ತಿಕೊಳ್ಳಲು ಅವಸರ ಮಾಡಬೇಡಿ ಅಂತ ಹೇಳಿ.