ಹೊರದೇಶಕ್ಕೆ ಹೋಗುವ ಮುನ್ನ: ಹೋದವರು, ಮರಳಿದವರು, ಕಾದವರು ಹೇಳಿದ್ದು

ಕೇಳಿದವರು

ನನಗೆ 31 ವರ್ಷ. ಎಂಟು ವರ್ಷಗಳಿಂದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ನನ್ನ ಜೊತೆ ಓದಿದವರಲ್ಲಿ ಬಹುಪಾಲು ಜನ ಹೊರದೇಶ ಸೇರಿದ್ದಾರೆ. ನನ್ನ ಪತಿಗೆ ಹೋಗುವ ಆಸೆ ಬಲವಾಗಿದೆ, ನನಗೆ ಅರೆಮನಸ್ಸು. ನಾಲ್ಕು ವರ್ಷದ ಮಗಳಿದ್ದಾಳೆ. ಯಾವ ದೇಶ ಒಳ್ಳೆಯದು ಎಂದು ಕೇಳುವುದಕ್ಕೆ ಮೊದಲು, ಜನ ನಿಜವಾಗಿ ಏಕೆ ಹೋಗುತ್ತಾರೆ, ಹೋದವರಿಗೆ ಅಂದುಕೊಂಡದ್ದು ಸಿಕ್ಕಿತೇ ಎಂಬುದನ್ನು ತಿಳಿಯಬೇಕಾಗಿದೆ. ಅನುಭವವಿರುವವರು ದಯವಿಟ್ಟು ಬರೆಯಿರಿ.

ಹನ್ನೆರಡು ವರ್ಷ ಹೊರಗಿದ್ದು ಮರಳಿದವರು

ಎಲ್ಲರೂ ಹೋಗುತ್ತಿದ್ದಾರೆ, ನಾವು ಮಾತ್ರ ಉಳಿದಿದ್ದೇವೆ ಎಂಬ ಭಾವನೆಯನ್ನು ಮೊದಲು ಪಕ್ಕಕ್ಕಿಡಿ. ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಹುಟ್ಟಿದ ದೇಶದ ಹೊರಗೆ ಬದುಕುತ್ತಿದ್ದವರು ಸುಮಾರು 30.4 ಕೋಟಿ, ಎಂದರೆ ಜಗತ್ತಿನ ಜನಸಂಖ್ಯೆಯ ಶೇ. 3.7ರಷ್ಟು. 1990ರಲ್ಲಿ ಆ ಸಂಖ್ಯೆ ಸುಮಾರು 15.4 ಕೋಟಿ ಇತ್ತು, ಪಾಲು ಶೇ. 2.9. ಸಂಖ್ಯೆ ದುಪ್ಪಟ್ಟಾದಂತೆ ಕಂಡರೂ ಪಾಲು ಒಂದು ಶೇಕಡಾ ಅಂಶದಷ್ಟೂ ಏರಿಲ್ಲ. ಉಳಿದುಕೊಳ್ಳುವವರೇ ಎಂದಿಗೂ ಹೆಚ್ಚು. ಆದರೆ ನಿಮ್ಮ ತರಗತಿಯಲ್ಲಿ ಹಾಗಿಲ್ಲ, ಏಕೆಂದರೆ ನಿಮ್ಮ ವೃತ್ತಿಗೆ ಎಲ್ಲ ಕಡೆ ಬೇಡಿಕೆ ಇದೆ.

ಬಡತನದಿಂದ ಓಡಿಹೋಗುತ್ತಾರೆ ಎಂಬ ಮಾತೂ ಅರ್ಧ ಸತ್ಯ. ದೂರದ ದೇಶಕ್ಕೆ ಹೋಗಲು ಹಣ ಬೇಕು, ಓದು ಬೇಕು, ಅಲ್ಲಿ ಪರಿಚಯದವರು ಒಬ್ಬರಾದರೂ ಬೇಕು. ತೀರ ಬಡವರಲ್ಲಿ ಈ ಮೂರೂ ಇರುವುದಿಲ್ಲ. ಆದ್ದರಿಂದಲೇ ಬಡ ದೇಶವೊಂದರ ಆದಾಯ ಏರತೊಡಗಿದಾಗ ಹೊರಹೋಗುವವರ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಮಧ್ಯಮ ಆದಾಯದ ಮಟ್ಟವನ್ನು ದಾಟಿದ ಮೇಲಷ್ಟೇ ಇಳಿಯುತ್ತದೆ ಎಂದು ಮೈಕೆಲ್ ಕ್ಲೆಮೆನ್ಸ್ ಅವರಂಥ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಯುದ್ಧ, ಹಿಂಸೆಗಳಿಂದ ನೆಲೆ ತಪ್ಪಿದವರ ಮಾತು ಬೇರೆ. 2024ರ ಕೊನೆಗೆ ಅಂಥವರು 12 ಕೋಟಿಗೂ ಹೆಚ್ಚಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ದೇಶದ ಗಡಿಯನ್ನೇ ದಾಟಿರಲಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಹೋಗುವುದು ಒಬ್ಬರ ಆಸೆಯಂತೆ ಕಂಡರೂ ಅದು ಮನೆಯವರೆಲ್ಲರ ಲೆಕ್ಕಾಚಾರವಾಗಿರುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ 1985ರಲ್ಲಿ ವಾದಿಸಿದ್ದರು. ಮನೆಯ ಆದಾಯವೆಲ್ಲ ಒಂದೇ ಕಡೆಯಿಂದ ಬರುತ್ತಿದ್ದರೆ ಅಪಾಯ, ಆದ್ದರಿಂದ ಒಬ್ಬರನ್ನು ಬೇರೆ ಕಡೆಗೆ ಕಳುಹಿಸುತ್ತಾರೆ. ನಮ್ಮ ಮನೆಯಲ್ಲಿ ಆದದ್ದೂ ಅದೇ. ಹೊರಡುವ ಹಿಂದಿನ ರಾತ್ರಿ ನನ್ನ ಅಣ್ಣ ಒಂದು ಹಾಳೆಯಲ್ಲಿ ಎರಡು ಸಾಲು ಬರೆದುಕೊಟ್ಟರು: ಸಾಲ ತೀರಬೇಕು, ತಂಗಿಯ ಓದು ಮುಗಿಯಬೇಕು. ಅದನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು ಹೋದೆ. ಐದನೆಯ ವರ್ಷಕ್ಕೆ ಎರಡೂ ಮುಗಿದವು. ಮೂರನೆಯ ಸಾಲನ್ನು ಯಾರೂ ಬರೆದಿರಲಿಲ್ಲ. ಮುಂದಿನ ಏಳು ವರ್ಷ ನಾನು ಅಲ್ಲಿ ಇದ್ದುದು, ಹೊರಟು ಬರಲು ಕಾರಣ ಸಿಗಲಿಲ್ಲ ಎಂಬುದಕ್ಕಾಗಿ ಮಾತ್ರ. ಆ ಅವಧಿಯಲ್ಲಿ ನನ್ನ ತಂದೆ ತೀರಿಕೊಂಡರು.

ಮರಳುವುದನ್ನು ಸೋಲೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿಯೊಂದು ವಲಸೆಗೂ ಎದುರುಮುಖದ ವಲಸೆಯೊಂದು ಇದ್ದೇ ಇರುತ್ತದೆ ಎಂದು ಭೂಗೋಳಶಾಸ್ತ್ರಜ್ಞ ರಾವೆನ್‌ಸ್ಟೈನ್ 1885ರಲ್ಲೇ ಗುರುತಿಸಿದ್ದರು. ಶ್ರೀಮಂತ ದೇಶಗಳಿಗೆ ಬಂದವರಲ್ಲಿ ಶೇ. 20ರಿಂದ 50ರಷ್ಟು ಜನ ಐದು ವರ್ಷಗಳೊಳಗೆ ಅಲ್ಲಿಂದ ಹೊರಟುಬಿಡುತ್ತಾರೆ ಎಂದು ಬಹುಪಾಲು ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿ 2008ರಲ್ಲಿ ಲೆಕ್ಕ ಹಾಕಿತ್ತು. ನೀವೂ ನಿಮ್ಮ ಪತಿಯೂ ಬೇರೆ ಬೇರೆ ಹಾಳೆಯಲ್ಲಿ ನಿಮ್ಮ ನಿಮ್ಮ ಕಾರಣಗಳನ್ನು ಬರೆದು, ಆಮೇಲೆ ಒಬ್ಬರದನ್ನು ಇನ್ನೊಬ್ಬರು ಓದಿ.

ಜರ್ಮನಿಯಲ್ಲಿ ಆರು ವರ್ಷಗಳಿಂದ ನರ್ಸ್ ಆಗಿರುವವರು

ನಿಮ್ಮದೇ ವೃತ್ತಿಯವಳಾದ್ದರಿಂದ ಕೆಲಸದ ಮಾತನ್ನೇ ಹೇಳುತ್ತೇನೆ. ನೀವು ಇಲ್ಲಿಗೆ ಬಂದ ದಿನವೇ ನರ್ಸ್ ಆಗುವುದಿಲ್ಲ. ನಿಮ್ಮ ಓದಿನ ದಾಖಲೆಗಳನ್ನು ಇಲ್ಲಿನ ತರಬೇತಿಯೊಂದಿಗೆ ಹೋಲಿಸಿ, ಎಲ್ಲೆಲ್ಲಿ ಕೊರತೆ ಇದೆ ಎಂದು ತಿಳಿಸುವ ಪತ್ರವೊಂದನ್ನು ಅಧಿಕಾರಿಗಳು ಕಳುಹಿಸುತ್ತಾರೆ. ನನಗೆ ಬಂದ ಪತ್ರದಲ್ಲಿ ನಾನು ದಿನವೂ ಮಾಡುತ್ತಿದ್ದ ಕೆಲಸದ ಮುಂದೆಯೇ ‘ಸಾಕಷ್ಟು ಗಂಟೆಗಳಿಲ್ಲ’ ಎಂದಿತ್ತು. ಕೆಲಸ ಬರುತ್ತಿತ್ತು, ಆದರೆ ನಮ್ಮ ಕಾಲೇಜು ಪ್ರಮಾಣಪತ್ರದಲ್ಲಿ ಆ ಗಂಟೆಗಳನ್ನು ಬಿಡಿಸಿ ನಮೂದಿಸಿರಲಿಲ್ಲ. ಕೊರತೆಯನ್ನು ಹೊಂದಾಣಿಕೆ ತರಬೇತಿಯಿಂದ ಇಲ್ಲವೇ ಪರೀಕ್ಷೆಯಿಂದ ತುಂಬಬೇಕು. ಅಲ್ಲಿಯವರೆಗೆ ಸಹಾಯಕಿಯ ಹುದ್ದೆ, ಸಹಾಯಕಿಯ ಸಂಬಳ. ಜರ್ಮನ್ ಭಾಷೆಯಲ್ಲಿ ಸಾಮಾನ್ಯವಾಗಿ ಬಿ2 ಮಟ್ಟ, ಎಂದರೆ ಸಾಕಷ್ಟು ಸರಾಗವಾಗಿ ಮಾತನಾಡುವ ಮಟ್ಟ, ಕೇಳುತ್ತಾರೆ. ಹೀಗಾಗಿ ಇವತ್ತೇ ಕಾಲೇಜಿಗೆ ಹೋಗಿ, ವಿಷಯವಾರು ಪಾಠದ ಗಂಟೆ ಮತ್ತು ವಾರ್ಡಿನ ಗಂಟೆಗಳನ್ನು ಬರೆಸಿ, ಮೊಹರು ಹಾಕಿಸಿಕೊಳ್ಳಿ. ಹೋಗದಿದ್ದರೂ ನಷ್ಟವಿಲ್ಲ.

ನಿಯಮಗಳು ನಡುದಾರಿಯಲ್ಲಿ ಬದಲಾಗುತ್ತವೆ ಎಂಬುದನ್ನೂ ಮನಸ್ಸಿನಲ್ಲಿಡಿ. ಬ್ರಿಟನ್ 2024ರ ಮಾರ್ಚ್‌ನಿಂದ ಹೊಸದಾಗಿ ಬರುವ ಆರೈಕೆ ಕೆಲಸಗಾರರು (ವೃದ್ಧರು, ಅಂಗವಿಕಲರು ಮೊದಲಾದವರನ್ನು ನೋಡಿಕೊಳ್ಳುವವರು) ಸಂಗಾತಿಯನ್ನೂ ಮಕ್ಕಳನ್ನೂ ಕರೆತರುವಂತಿಲ್ಲ ಎಂದಿತು. ನರ್ಸ್‌ಗಳಿಗೆ ಆ ನಿಷೇಧ ಅನ್ವಯಿಸಲಿಲ್ಲ. ಒಂದೇ ಕಟ್ಟಡದಲ್ಲಿ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರ ಮಗು ಜೊತೆಗಿರುತ್ತದೆ, ಇನ್ನೊಬ್ಬರದು ಇರುವುದಿಲ್ಲ. ಆದ್ದರಿಂದ ವೀಸಾದಲ್ಲಿ ನಿಮ್ಮ ಹುದ್ದೆಯ ಹೆಸರು ಏನೆಂದು ನೀವೇ ಓದಿ ನೋಡಿ.

ಒಂದು ನೋವನ್ನೂ ಹೇಳಬೇಕು. ಆರೋಗ್ಯ ಸಿಬ್ಬಂದಿಯ ತೀವ್ರ ಕೊರತೆಯಿರುವ ದೇಶಗಳಿಂದ ತಾವಾಗಿಯೇ ಮುಂದಾಗಿ ನೇಮಕಾತಿ ನಡೆಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ನೀತಿಸಂಹಿತೆ ತಂದಿತು, 2023ರ ಅದರ ಪಟ್ಟಿಯಲ್ಲಿ 55 ದೇಶಗಳಿದ್ದವು. ನಾನು ಬಿಟ್ಟುಬಂದ ವಾರ್ಡಿನಲ್ಲಿ ನನ್ನ ಜಾಗ ಒಂದು ವರ್ಷ ಖಾಲಿಯಿತ್ತೆಂದು ತಿಳಿದಾಗ ನನಗೆ ನಿದ್ದೆ ಬರಲಿಲ್ಲ. ಹೋಗುವ ಹಕ್ಕು ನಮಗಿದೆ ಎಂದೇ ನಾನು ನಂಬುತ್ತೇನೆ. ಆದರೂ ಆ ಖಾಲಿ ಜಾಗ ನನ್ನ ಕಣ್ಣಮುಂದೆ ಇದೆ.

ಕೊಲ್ಲಿ ದೇಶದಲ್ಲಿ ಕಟ್ಟಡ ಕೆಲಸ ಮಾಡಿದವರು

ನನ್ನದು ಒಂದೇ ಮಾತು: ಏಜೆಂಟರಿಗೆ ಹಣ ಕೊಡಲು ಸಾಲ ಮಾಡಬೇಡಿ. ಖಾಸಗಿ ನೇಮಕಾತಿ ಸಂಸ್ಥೆಗಳು ಕೆಲಸಗಾರರಿಂದ ಶುಲ್ಕ ವಸೂಲು ಮಾಡಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದ ಹೇಳುತ್ತದೆ. ನನಗೆ ಅದು ತಿಳಿದಿರಲಿಲ್ಲ. ಹೊರಡುವ ಮೊದಲು ಸಹಿ ಮಾಡಿದ ಕರಾರು ಒಂದು, ಇಳಿದ ಮೇಲೆ ಮುಂದಿಟ್ಟ ಕರಾರು ಇನ್ನೊಂದು. ಎರಡನೆಯದರಲ್ಲಿ ಸಂಬಳ ಕಡಿಮೆಯಿತ್ತು. ಸಹಿ ಹಾಕದೆ ಮರಳಲು ಸಾಲ ಬಿಡಲಿಲ್ಲ. ನನ್ನನ್ನು ಅಲ್ಲಿ ಹಿಡಿದಿಟ್ಟದ್ದು ಮಾಲೀಕರಿಗಿಂತ ಹೆಚ್ಚಾಗಿ ಆ ಬಡ್ಡಿ. ಮೊದಲ ಕರಾರಿನ ಪ್ರತಿಯೊಂದನ್ನು ಮನೆಯಲ್ಲೇ ಇಟ್ಟು ಹೋಗಿ.

ತಾಯಿ ಹೊರದೇಶದಲ್ಲಿದ್ದಾಗ ಬೆಳೆದವರು

ಅಕ್ಕ, ನಿಮ್ಮ ಮಗಳಿಗೆ ನಾಲ್ಕು ವರ್ಷ ಎಂದು ಓದಿ ಬರೆಯುತ್ತಿದ್ದೇನೆ. ವಲಸಿಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು, ಅವರಲ್ಲಿ ನನ್ನ ತಾಯಿಯೂ ಒಬ್ಬರಾಗಿದ್ದರು. ನಾನು ಐದರಿಂದ ಹದಿಮೂರು ವರ್ಷದವರೆಗೆ ಅಜ್ಜಿಯ ಜೊತೆಗಿದ್ದೆ. ಪಾದವನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು ಉದ್ದ ಹೇಳು ಎಂದು ಅಮ್ಮ ಫೋನಿನಲ್ಲಿ ಹೇಳುತ್ತಿದ್ದರು. ಬರುವವರ ಕೈಯಲ್ಲಿ ಶೂ ಕಳುಹಿಸುತ್ತಿದ್ದರು. ಅಳತೆ ಹೇಳಿದ ದಿನಕ್ಕೂ ಶೂ ತಲುಪುವ ದಿನಕ್ಕೂ ನಡುವೆ ನನ್ನ ಕಾಲು ಬೆಳೆದಿರುತ್ತಿತ್ತು. ಸರಿಯಾಗಿದೆ ಅಮ್ಮ ಎಂದೇ ಹೇಳುತ್ತಿದ್ದೆ. ನನ್ನ ಓದೆಲ್ಲ ಅವರ ದುಡಿಮೆಯಿಂದ ಆದದ್ದು, ಅವರ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ. ಮೊದಲು ನಾನು ಹೋಗುತ್ತೇನೆ, ಆಮೇಲೆ ಮಗಳನ್ನು ಕರೆಸಿಕೊಳ್ಳುತ್ತೇನೆ ಎಂದು ಯೋಚಿಸುತ್ತಿದ್ದರೆ, ಆ ‘ಆಮೇಲೆ’ ಎಷ್ಟು ತಿಂಗಳು ಎಂದು ವೀಸಾ ಇಲಾಖೆಯವರಿಂದ ತಿಳಿದುಕೊಳ್ಳಿ. ನನಗೆ ಒಂದು ವರ್ಷ ಎಂದಿದ್ದರು.

ಕೇಳಿದವರು

ಎಲ್ಲರಿಗೂ ವಂದನೆಗಳು. ನಾವಿಬ್ಬರೂ ಹಾಳೆಯಲ್ಲಿ ಬರೆದೆವು. ನನ್ನ ಪತಿಯ ಹಾಳೆಯಲ್ಲಿ ಸಂಬಳ, ಮಗಳ ಶಾಲೆ, ಸ್ವಂತ ಮನೆ ಎಂದಿತ್ತು. ನನ್ನ ಹಾಳೆಯಲ್ಲಿ ಒಂದೇ ಸಾಲು: ರಾತ್ರಿ ಪಾಳಿಯಲ್ಲಿ ಒಬ್ಬಳೇ 24 ರೋಗಿಗಳನ್ನು ನೋಡಿಕೊಳ್ಳಲು ಇನ್ನು ನನ್ನಿಂದ ಆಗದು. ಬರೆಯುವವರೆಗೆ ನನಗೂ ಅದು ಗೊತ್ತಿರಲಿಲ್ಲ. ಜರ್ಮನಿಯಲ್ಲಿ ಈ ಸಂಖ್ಯೆಗೆ ಮಿತಿ ಇದೆಯೇ?

ಜರ್ಮನಿಯಲ್ಲಿರುವ ನರ್ಸ್

ಇದೆ, ಆದರೆ ವಿಭಾಗದ ಮೇಲೆ ನಿಂತಿದೆ. ಕೆಲವು ವಿಭಾಗಗಳಲ್ಲಿ ಕನಿಷ್ಠ ಸಿಬ್ಬಂದಿ ಎಷ್ಟಿರಬೇಕೆಂಬ ನಿಯಮ 2019ರಿಂದ ಜಾರಿಯಲ್ಲಿದೆ. ತೀವ್ರ ನಿಗಾ ಘಟಕದಲ್ಲಿ ರಾತ್ರಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ವೃದ್ಧರ ಚಿಕಿತ್ಸಾ ವಿಭಾಗದಲ್ಲಾದರೆ ರಾತ್ರಿ ಒಬ್ಬರಿಗೆ 20 ರೋಗಿಗಳವರೆಗೆ ಇರಬಹುದು. ನಿಮ್ಮ ಕಾರಣ ಅದೇ ಆಗಿದ್ದರೆ, ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಯಾವ ವಾರ್ಡ್ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.