‘ಪ್ರೆಡಿಕೇಟ್’ಗೆ ಗೋಡೆಯ ಮೇಲೆ ಏನು ಬರೆಸಲಿ?

ನಮಸ್ಕಾರ. ನಮ್ಮ ಪ್ರೌಢಶಾಲೆಯ ಗೋಡೆಗೆ ಇಂಗ್ಲಿಷ್ ವ್ಯಾಕರಣದ ಪದಗಳನ್ನು ಕನ್ನಡದ ಅರ್ಥದೊಂದಿಗೆ ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಮತ್ತೆ ಬರುತ್ತಾರೆ. ‘ಪ್ರನೌನ್’ಗೆ ಸರ್ವನಾಮ, ಅದರಲ್ಲಿ ತಕರಾರಿಲ್ಲ. ‘ಪ್ರೆಡಿಕೇಟ್’ಗೆ, ಅಂದರೆ ವಾಕ್ಯದಲ್ಲಿ ಕರ್ತೃವನ್ನು ಬಿಟ್ಟು ಉಳಿದದ್ದಕ್ಕೆ, ಬಂದು ನಿಂತಿದ್ದೇನೆ. ಕ್ರಿಯಾಪದ ಎಂದು ಬರೆಸಿದರೆ ‘ದಿ ಬಾಯ್ ಪ್ಲೇಸ್ ಕ್ರಿಕೆಟ್’ನಲ್ಲಿ ಮಕ್ಕಳು ‘ಪ್ಲೇಸ್’ ಒಂದಕ್ಕೇ ಗೆರೆ ಎಳೆದು ‘ಕ್ರಿಕೆಟ್’ ಬಿಟ್ಟುಬಿಡುತ್ತಾರೆ. ‘ವಿಧೇಯ’ ಎಂದರೆ ರಜಾ ಅರ್ಜಿಯ ಕೊನೆಯ ‘ತಮ್ಮ ವಿಧೇಯ ವಿದ್ಯಾರ್ಥಿ’ಯೇ ಅವರಿಗೆ ನೆನಪಾಗುತ್ತದೆ. ಇವತ್ತೇ ಹೇಳಿದರೆ ಉಪಕಾರ.
— ಗದಗ

ಆಖ್ಯಾತ ಎಂದು ಬರೆಸಿ. ಲ್ಯಾಟಿನ್‌ನ ‘ಪ್ರೇಡಿಕಾರೆ’ ಎಂದರೆ ಸಾರಿ ಹೇಳುವುದು. ಸಂಸ್ಕೃತದ ‘ಆಖ್ಯಾ’ ಎಂದರೂ ಹೇಳುವುದೇ. ಇಷ್ಟು ಒಪ್ಪುವ ಜೋಡಿ ಇನ್ನೊಂದು ಸಿಕ್ಕದು. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಆಖ್ಯಾತ ಪ್ರಕರಣವೇ ಇದೆ. 13ನೆಯ ಶತಮಾನದಿಂದ ಮನೆಯಲ್ಲಿರುವ ಪದವನ್ನು ಬಿಟ್ಟು ಹೊರಗೆ ಹುಡುಕಬೇಕಾಗಿಲ್ಲ.
— ಧಾರವಾಡ

ಗುರುಗಳು ಆ ಪ್ರಕರಣವನ್ನು ಮತ್ತೊಮ್ಮೆ ತೆರೆದು ನೋಡಬೇಕು. ಅಲ್ಲಿ ಆಖ್ಯಾತ ಎಂದರೆ ಧಾತುವಿಗೆ, ಅಂದರೆ ಕ್ರಿಯಾಪದದ ಮೂಲರೂಪಕ್ಕೆ, ಪ್ರತ್ಯಯ ಹತ್ತಿ ಆದ ಕ್ರಿಯಾರೂಪ. ಅಕ್ಕಾವರು ಬೇಡವೆಂದ ತಪ್ಪನ್ನೇ ನೀವು ಸಂಸ್ಕೃತದಲ್ಲಿ ಬರೆಸುತ್ತಿದ್ದೀರಿ. ‘ಕುಮಾರವ್ಯಾಸ ಕೋಳಿವಾಡದವನು.’ ಎಲ್ಲಿದೆ ಧಾತು? ಆದರೂ ವಾಕ್ಯ ತುಂಬಿ ನಿಂತಿದೆ. ‘ಕೋಳಿವಾಡದ’ ಎಂಬುದಕ್ಕೆ ‘ಅವನು’ ಸೇರಿ, ಸರ್ವನಾಮವೇ ಮಾತನ್ನು ಮುಗಿಸಿಕೊಟ್ಟಿದೆ. ಇಂಗ್ಲಿಷಿನಲ್ಲಿ ‘ವಾಸ್’ ಇಲ್ಲದೆ ಇದನ್ನು ಹೇಳಲಾಗದು.

‘ಸರ್ವನಾಮದಲ್ಲಿ ತಕರಾರಿಲ್ಲ’ ಎಂಬುದನ್ನೂ ನಾನು ಒಪ್ಪುವುದಿಲ್ಲ. ಪಾಣಿನಿ ಹೇಳಿದ್ದು ‘ಸರ್ವಾದೀನಿ ಸರ್ವನಾಮಾನಿ’ ಎಂದು, ಅಂದರೆ ‘ಸರ್ವ’ದಿಂದ ಶುರುವಾಗುವ ಒಂದು ಪಟ್ಟಿ. ವಿಶ್ವ, ಅನ್ಯ, ಪೂರ್ವ ಕೂಡ ಆ ಪಟ್ಟಿಯಲ್ಲಿವೆ. ‘ನಾಮದ ಬದಲಿಗೆ ಬರುವುದು’ ಎಂಬ ಅರ್ಥ ‘ಪ್ರನೌನ್’ನದು, ಅದನ್ನು ಸಂಸ್ಕೃತ ಪದದ ಮೇಲೆ ಹೇರಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಇಂಗ್ಲಿಷಿಗಾದರೂ ಅದು ಪೂರ್ತಿ ಹೊಂದುತ್ತದೆಯೇ? ‘ಇಟ್ ಈಸ್ ರೈನಿಂಗ್’ನ ‘ಇಟ್’ ಯಾವ ನಾಮದ ಬದಲಿಗೂ ಬಂದಿಲ್ಲ. ಕರ್ತೃವಿನ ಜಾಗ ಬರಿದಾಗಬಾರದೆಂದು ಕುಳಿತಿದೆ. ನಮ್ಮಲ್ಲಿ ಮಳೆಯೇ ಬರುತ್ತದೆ. ಸಾಲದ ಪದ, ಸಾಲದ ಅರ್ಥ, ಅದೂ ಬೇರೆ ಬೇರೆ ಕಡೆಯಿಂದ. ‘ಹೇಳಿಕೆ’ ಎಂದು ಬರೆಸಿ, ಸಾಕು.
— ಹಾವೇರಿ

ಹೇಳಿಕೆ ಎಂದರೆ ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳುವಂಥದ್ದು, ಮಂತ್ರಿಗಳು ಪತ್ರಿಕೆಗೆ ಕೊಡುವಂಥದ್ದು. ವ್ಯಾಕರಣಕ್ಕೆ ಆಗದು. ಅರ್ಜಿ, ತಕರಾರು ಎರಡೂ ಅರಬ್ಬಿ ಮೂಲದವು. ಅಕ್ಕಾವರು ಎರಡನ್ನೂ ಬಳಸಿದರು, ನೀವೂ ‘ತಕರಾರು’ ಎಂದಿರಿ. ಸಂಸ್ಕೃತದ ಸಾಲ ಮಾತ್ರ ಏಕೆ ಚುಚ್ಚುತ್ತದೆ?
— ಧಾರವಾಡ

ಅರ್ಜಿ ಎಂದರೆ ಏನೆಂದು ಹಳ್ಳಿಯ ಮುದುಕಿಗೂ ಗೊತ್ತು. ಆಖ್ಯಾತ ಎಂದರೆ ಏನೆಂದು ಹತ್ತನೆಯ ತರಗತಿಯ ಹುಡುಗನನ್ನು ಕೇಳಿ ನೋಡಿ. ನನ್ನ ತಕರಾರು ಅಷ್ಟೇ.
— ಹಾವೇರಿ

ಇಬ್ಬರಿಗೂ ನಮಸ್ಕಾರ. ‘ಹೇಳುವ ಭಾಗ’ ಎಂದು ಬರೆಸುತ್ತೇನೆ. ಕೆಳಗೆ ಕ್ರಿಕೆಟ್ಟಿನ ವಾಕ್ಯ, ಅದರ ಪಕ್ಕದಲ್ಲಿ ಕೋಳಿವಾಡದ ವಾಕ್ಯ, ಎರಡಕ್ಕೂ ಹೇಳುವ ಭಾಗದ ಅಡಿಯಲ್ಲಿ ಕೆಂಪು ಗೆರೆ. ಎರಡು ಪದವಾದರೂ ಜಾಗ ಸಾಲುತ್ತದೆ ಎಂದು ಪೇಂಟರ್ ಫೋನಿನಲ್ಲಿ ಹೇಳಿದರು. ‘ಸರ್ವನಾಮ’ವನ್ನು ನಿನ್ನೆಯೇ ಬರೆದಾಗಿದೆ, ಅದನ್ನು ಅಳಿಸುವುದಿಲ್ಲ.
— ಗದಗ