ಚಾಕೊಲೇಟ್ ಹಂಚಿದರೆ ಗೆಳೆಯರು ಸಿಗ್ತಾರಾ?

(ಮುಂಬೈ ಸುತ್ತಲಿನ ಕನ್ನಡ ಮನೆಯವರ ಫೋನ್ ಗುಂಪಿನ ಮಾತುಕತೆ. ಅಲ್ಲಿನ ಮಕ್ಕಳು ಆಡುವುದು ಮರಾಠಿಯಲ್ಲಿ.)

ಮುಲುಂಡ್ ದೊಡ್ಡಮ್ಮ: (ಚಿತ್ರ) “ಮಕ್ಕಳೇ, ಹೊಸ ಗೆಳೆಯರು ಬೇಕೇ? ಚಾಕೊಲೇಟ್ ಹಂಚಿ. ಎಲ್ಲರನ್ನೂ ನೋಡಿ ನಗಿ. ಯಾರಿಗೂ ಇಲ್ಲ ಎನ್ನಬೇಡಿ.”
ಜೂನ್‌ನಲ್ಲಿ ಹೊಸ ಶಾಲೆಗೆ ಹೋಗುವ ಮಕ್ಕಳಿಗೆ ಓದಿ ಹೇಳಿ.

ಡೊಂಬಿವಲಿ ಅಕ್ಕ: ನಗುವುದು ಸರಿ ದೊಡ್ಡಮ್ಮ, ಚಾಕೊಲೇಟ್ ಬೇಡ. ಎರಡು ದಿನ ಕೊಟ್ಟರೆ ಮೂರನೇ ದಿನ “ಆಜ್ ಕಾಯ್ ಆಣಲಂಸ್?” (ಇವತ್ತು ಏನು ತಂದೆ?) ಅಂತ ಕೇಳ್ತಾರೆ. ತಾರದ ದಿನ ಯಾರೂ ಪಕ್ಕ ಕೂರುವುದಿಲ್ಲ.

ಮೀರಾ ರೋಡ್ ಚಿಕ್ಕಪ್ಪ: ಅತ್ತಿಗೆ ಹೇಳಿದ್ದರಲ್ಲಿ ಎಂತ ತಪ್ಪು? 2012ರಲ್ಲಿ ಪ್ರಕಟವಾದ ವ್ಯಾಂಕೂವರ್ ಅಧ್ಯಯನ ಉಂಟಲ್ಲ. 9ರಿಂದ 11 ವರ್ಷದ ಮಕ್ಕಳು ವಾರಕ್ಕೆ 3 ಉಪಕಾರದಂತೆ 4 ವಾರ ಮಾಡಿದರು. ಅವರನ್ನು ಮೆಚ್ಚುವ ಸಹಪಾಠಿಗಳು ಜಾಸ್ತಿ ಆದರು.

ಡೊಂಬಿವಲಿ ಅಕ್ಕ: ಅವರೆಲ್ಲ ಮೊದಲೇ ಒಂದೇ ಕ್ಲಾಸಿನವರು ಚಿಕ್ಕಪ್ಪ, ದಿನಾ ಮುಖ ನೋಡುವವರು. ಹೊಸ ಬಿಲ್ಡಿಂಗಿನಲ್ಲಿ ಮೊದಲು ಆಟದೊಳಗೆ ನುಗ್ಗಬೇಕಲ್ಲ! ಕಾಂಪೌಂಡಿನಲ್ಲಿ ಲಗೋರಿ ನಡೀತಿದ್ದರೆ ಐದು ನಿಮಿಷ ಪಕ್ಕ ನಿಂತು ನೋಡಲಿ: ಯಾವ ಕಡೆ ಒಬ್ಬರು ಕಮ್ಮಿ, ಇಲ್ಲಿನ ನಿಯಮ ಏನು. ಚೆಂಡು ಕಾರಿನಡಿ ಹೋದಾಗ “ಬಾಲ್ ಮೀ ಆಣತೋ” (ಚೆಂಡು ನಾನು ತರ್ತೇನೆ) ಅಂತ ತಂದುಕೊಡಲಿ. ಒಂದು ಡಾವ್ (ಸುತ್ತು) ಮುಗಿದು ಏಳು ಕಲ್ಲು ಮತ್ತೆ ಜೋಡಿಸಿ ಹೊಸದು ಶುರುವಾಗುವಾಗ “ತಿಕಡೇ ಏಕ್ ಕಮೀ ಆಹೇ, ಮೀ ಯೇತೋ” (ಆ ಕಡೆ ಒಬ್ಬರು ಕಮ್ಮಿ, ನಾನು ಬರ್ತೇನೆ) ಅನ್ನಲಿ. ಆಟದ ನಡುವೆ ಬೇಡ.

ಮೀರಾ ರೋಡ್ ಚಿಕ್ಕಪ್ಪ: ಇಷ್ಟೆಲ್ಲ ಯಾಕೆ? “ನನ್ನನ್ನೂ ಸೇರಿಸಿಕೊಳ್ತೀರಾ” ಅಂತ ನೇರ ಕೇಳಿದರಾಯ್ತು.

ಡೊಂಬಿವಲಿ ಅಕ್ಕ: ಹಾಗೆ ಕೇಳಿದರೆ “ನಾಹೀ” ಅನ್ನಲಿಕ್ಕೆ ಎಷ್ಟು ಹೊತ್ತು? ಆಟಕ್ಕೆ ಉಪಯೋಗ ಆಗುವವನನ್ನು ದೂರ ಮಾಡುವುದು ಕಷ್ಟ. “ನಮ್ಮ ಹಳೇ ಶಾಲೆಯಲ್ಲಿ ಹೀಗಲ್ಲ” ಅಂತ ನಿಯಮ ತಿದ್ದಲಿಕ್ಕೆ ಹೋದರೆ ಮಾತ್ರ ಕೆಲಸ ಕೆಟ್ಟಿತು.

ಮೀರಾ ರೋಡ್ ಚಿಕ್ಕಪ್ಪ: ಕಚ್ಚಾ ಲಿಂಬೂ (ಔಟ್ ಲೆಕ್ಕವಿಲ್ಲದ ಆಟಗಾರ) ಮಾಡಿ ಸೇರಿಸಿಕೊಳ್ತಾರಲ್ಲ, ಅದು ದಯೆಯೇ.

ಡೊಂಬಿವಲಿ ಅಕ್ಕ: ನಾಲ್ಕು ವರ್ಷದವನಿಗೆ ದಯೆ. ಎಂಟು ವರ್ಷದವನನ್ನು ಔಟ್ ಮಾಡದೆ ವಾರಗಟ್ಟಲೆ ಆಡಿಸಿದರೆ ಅವನು ಲೆಕ್ಕಕ್ಕೇ ಇಲ್ಲ ಅಂತ. ಎರಡು ದಿನ ಸಾಕು, ಆಮೇಲೆ “ಮಲಾ ಪಣ್ ಔಟ್ ಧರಾ” (ನನ್ನನ್ನೂ ಔಟ್ ಅಂತ ಲೆಕ್ಕ ಹಿಡಿಯಿರಿ) ಅನ್ನಲಿ.

ಮುಲುಂಡ್ ದೊಡ್ಡಮ್ಮ: ಹಾಗಾದರೆ ಹಂಚಿ ತಿನ್ನುವುದೇ ಬೇಡವಾ ಮಾರಾಯ್ತಿ?

ಡೊಂಬಿವಲಿ ಅಕ್ಕ: ಹಂಚಲಿ, ಕೇಳಿ ಹಂಚಲಿ. ಜೈನರ ಮಗು ಬಟಾಟೆ ಭಾಜಿ ತಿನ್ನುವುದಿಲ್ಲ. ಸಾಬುದಾಣಾ ಖಿಚಡಿಯಲ್ಲಿ ಶೇಂಗಾ ಇರ್ತದೆ, ಕೆಲವರಿಗೆ ಅಲರ್ಜಿ. ಹತ್ತು ಜನರಿಗೆ ಒಂದೊಂದು ದಿನ ಒಳ್ಳೆಯವನಾಗುವ ಬದಲು ಒಬ್ಬಿಬ್ಬರ ಜೊತೆ ದಿನಾ ಇರಲಿ: ರಜೆ ಹಾಕಿದವನಿಗೆ ಹೋಮ್‌ವರ್ಕ್ ತೋರಿಸುವುದು, ಹೆಸರು ಸರಿಯಾಗಿ ಕರೆಯುವುದು, ನಿನ್ನೆ ಹೇಳಿದ್ದನ್ನು ಇವತ್ತು ಕೇಳುವುದು. ಗುಂಪು ಮೂರ್ನಾಲ್ಕು ಸಲ ಬೇಡ ಅಂದರೆ ಕಟ್ಟೆಯ ಮೇಲೆ ಒಬ್ಬನೇ ಕೂತವನ ಹತ್ತಿರ ಹೋಗಲಿ. ಮತ್ತೆ ಚಿತ್ರದ ಆ ಕೊನೇ ಸಾಲು, “ಯಾರಿಗೂ ಇಲ್ಲ ಎನ್ನಬೇಡಿ” ಅನ್ನುವುದು ಅಪಾಯ ದೊಡ್ಡಮ್ಮ. ಪೆನ್ಸಿಲ್ ಕಿತ್ತುಕೊಳ್ಳುವವನಿಗೆ “ಇಲ್ಲ” ಅನ್ನಲೇಬೇಕು, ಮತ್ತೂ ಕಿತ್ತರೆ ಟೀಚರಿಗೆ ಹೇಳಬೇಕು.

ಮೀರಾ ರೋಡ್ ಚಿಕ್ಕಪ್ಪ: ಅದು ಒಪ್ಪಿದೆ. ಚಾಕೊಲೇಟ್ ಮಾತ್ರ ಹುಟ್ಟುಹಬ್ಬಕ್ಕಾದರೂ ಬಿಡು.

ಮುಲುಂಡ್ ದೊಡ್ಡಮ್ಮ: ಚಿತ್ರ ನಾನು ತೆಗೆಯುವುದಿಲ್ಲ. ಕೊನೇ ಸಾಲು ಕತ್ತರಿಸಿ ಮತ್ತೆ ಹಾಕ್ತೇನೆ. ಕತ್ತರಿಸುವುದು ಎಲ್ಲಿ ಒತ್ತಿದರೆ?